ಕೆರೆದುಕೊಳ್ಳದ ಮಕ್ಕಳು

ಆ ಶನಿವಾರ ಬೆಳಿಗ್ಗೆ ಧಾತ್ರಿ ಇಡ್ಲಿ ಮುಟ್ಟಲಿಲ್ಲ. ಅಡುಗೆಮನೆಯ ಹೊಸಿಲ ಮೇಲೆ ಚಡ್ಡಿಯಲ್ಲಿ ಕುಳಿತು ಎಡಗಾಲಿನ ಪಟ್ಟಿಯನ್ನು ಸುಮ್ಮನೆ ತಿರುಗಿಸುತ್ತಿದ್ದಳು. ಅತ್ತೆ ಹರಳೆಣ್ಣೆಯ ಬಟ್ಟಲನ್ನು ಬಿಸಿನೀರಿನ ಪಾತ್ರೆಯೊಳಗೆ ಇಳಿಸಿ ಬೆಚ್ಚಗೆ ಮಾಡುತ್ತಿದ್ದರು.

“ಇವಳ ಮೈ ಸ್ವಲ್ಪ ಬೆಚ್ಚಗಿದೆ ಅತ್ತೆ. ಇವತ್ತು ಎಣ್ಣೆ ಬೇಡವೇನೋ,” ಎಂದೆ.

“ಉಷ್ಣ ಕಣೆ ಅದು. ಉಷ್ಣ ಇಳೀಲಿ ಅಂತಾನೇ ಎಣ್ಣೆ ಹಚ್ಚೋದು. ನಿನ್ನ ಮಿಷಿನ್ ಏನ್ ಹೇಳುತ್ತೆ, ನೋಡು.”

ಫೋನ್ ತೆಗೆದು ನೋಡಿದೆ. ಮಗಳ ಚೌಕ ಹಸಿರಾಗಿತ್ತು. ಶಾಖ ಅರ್ಧ ಡಿಗ್ರಿ ಹೆಚ್ಚು. ಹಲ್ಲು ಬರುವಾಗಲೂ ಅಷ್ಟು ಇರುತ್ತದೆ.

“ಹಸಿರಿದೆ.”

“ಮತ್ತೆ?” ಎಂದರು ಅತ್ತೆ.

ಊಟದ ಡಬ್ಬಿ ತೆಗೆದುಕೊಂಡು ಕೆಲಸಕ್ಕೆ ಹೊರಟೆ.

ಧಾತ್ರಿಗೆ ಮೂರು ತಿಂಗಳಿಗೇ ಇಸುಬು ಶುರುವಾಗಿತ್ತು. ಮೊದಲು ಕೆನ್ನೆ, ಆಮೇಲೆ ಮೊಣಕೈ ಮಡಿಕೆ, ಮೊಣಕಾಲಿನ ಹಿಂದೆ, ಕತ್ತಿನ ಸುತ್ತ. ಚಿತ್ರದುರ್ಗದ ಒಣಗಾಳಿಗೆ ಚರ್ಮ ಬಿರಿದು ನೀರೊಡೆಯುತ್ತಿತ್ತು. ಎಲ್ಲರೂ ಮಾಡುವುದನ್ನು ನಾವೂ ಮಾಡಿದೆವು. ಉಗುರು ಕತ್ತರಿಸಿದೆವು, ಕೈಗೆ ಬಟ್ಟೆಯ ಚೀಲ ಕಟ್ಟಿದೆವು, ಉಗುರುಬೆಚ್ಚನೆ ನೀರಿನಲ್ಲಿ ಐದೇ ನಿಮಿಷ ಸ್ನಾನ ಮಾಡಿಸಿ ಮೈ ಒದ್ದೆ ಇರುವಾಗಲೇ ಮುಲಾಮು ಹಚ್ಚಿದೆವು. ಉಣ್ಣೆಯ ಕುಲಾವಿ ಎತ್ತಿಟ್ಟು, ಅವಳ ಅಪ್ಪನ ಹಳೆಯ ಪಂಚೆಯಲ್ಲಿ ಅಂಗಿ ಹೊಲಿದೆವು. ಕಡಿಮೆಯಾಗುತ್ತಿತ್ತು, ಮತ್ತೆ ಬರುತ್ತಿತ್ತು. ಬೆಳಿಗ್ಗೆ ಎದ್ದರೆ ದುಪ್ಪಟಿಯ ಮೇಲೆ ರಕ್ತದ ಸಣ್ಣ ಗೆರೆಗಳು.

ಅವಳಿಗೆ ಹತ್ತು ತಿಂಗಳಾದಾಗ ಪೊರೆ ಬಂತು.

ಪೊರೆ ಎಂದರೆ ಚರ್ಮದ ಮಡಿಕೆಗಳಿಗೆ ಕುಂಚದಿಂದ ಬಳಿಯುವ ತೆಳುವಾದ ಲೇಪ. ಅರ್ಧ ಗಂಟೆಗೆ ಗಟ್ಟಿಯಾಗಿ ಮೈಬಣ್ಣಕ್ಕೆ ತಿರುಗುತ್ತದೆ, ಹದಿನೈದು ದಿನ ಇರುತ್ತದೆ. ಒಡೆದ ಚರ್ಮದ ತೇವ ಆರದಂತೆ ಕಾಯುತ್ತದೆ. ಅದರೊಳಗಿನ ಎಳೆಗಳು ಚರ್ಮದ ಶಾಖ, ತೇವ, ಊತ ಅಳೆದು ಕಾಲಿನ ಪಟ್ಟಿಗೆ ಹೇಳುತ್ತವೆ. ಪಟ್ಟಿ ನಮಗೆ ಹೇಳುತ್ತದೆ. ಪಟ್ಟಿಗೆ ಇನ್ನೊಂದು ಕೆಲಸವೂ ಇದೆ. ತುರಿಕೆಯ ಸುದ್ದಿ ನರದಲ್ಲಿ ಹೊರಟ ಕೂಡಲೇ ಎದುರಿನಿಂದ ಒಂದು ಸಣ್ಣ ಮಿಡಿತ ಕಳಿಸಿ, ಅದು ಮಿದುಳನ್ನು ಮುಟ್ಟದ ಹಾಗೆ ತಡೆಯುತ್ತದೆ. ಚರ್ಮ ಕೆಂಪಗೇ ಇರಬಹುದು, ಮಗುವಿಗೆ ಗೊತ್ತಾಗುವುದಿಲ್ಲ. ಗೊತ್ತಾಗದ್ದರಿಂದ ಕೆರೆಯುವುದಿಲ್ಲ, ಕೆರೆಯದ್ದರಿಂದ ಚರ್ಮ ತಾನಾಗಿ ಮಾಯುತ್ತ ಬರುತ್ತದೆ. ನೋವಿನ ಸುದ್ದಿಯೂ ಬಹುಪಾಲು ಅದೇ ದಾರಿಯಲ್ಲಿ ಬರುವುದರಿಂದ ಅದೂ ಅರ್ಧಕ್ಕೇ ನಿಲ್ಲುತ್ತಿತ್ತು. ಇದನ್ನು ಯಾರೂ ದೋಷ ಎನ್ನಲಿಲ್ಲ. ನಾನೂ ಎನ್ನಲಿಲ್ಲ.

ಮಗಳಿಗೆ ಪೊರೆ ಬಳಿಸಿದ ತಿಂಗಳೇ, ಪೊರೆ ಹಾಕಿದ ಮಕ್ಕಳ ಮೇಲೆ ಕಣ್ಣಿಡುವ ಕೊಠಡಿಯಲ್ಲಿ ನನಗೆ ಕೆಲಸ ಸಿಕ್ಕಿತು. ಸಂಖ್ಯಾಶಾಸ್ತ್ರ ಓದಿದ್ದೆ. ಅವಳ ಅಪ್ಪ ತೀರಿಕೊಂಡ ಹೊಸದರಲ್ಲಿ ನನಗೆ ಲೆಕ್ಕಗಳು ಬೇಕಾಗಿದ್ದವು. ಅವು ಹೇಗಿದ್ದೀಯಾ ಎಂದು ಕೇಳುವುದಿಲ್ಲ.

ನಿಗಾ ಕೊಠಡಿ ಒಂದು ಔಷಧಿ ಗೋದಾಮಿನ ಮೇಲಿನ ಮಹಡಿಯಲ್ಲಿತ್ತು. ಗೋಡೆಯ ತುಂಬ ಪರದೆ, ಪರದೆಯ ತುಂಬ ಚೌಕಗಳು. ಒಂದು ಚೌಕ ಒಂದು ಮಗು. ಸುತ್ತಲಿನ ಜಿಲ್ಲೆಗಳ ನಾಲ್ಕು ಸಾವಿರ ಮಕ್ಕಳು. ಹಸಿರು ಎಂದರೆ ಚರ್ಮ ಶಾಂತ, ಹಳದಿ ಎಂದರೆ ಕೆರಳುತ್ತಿದೆ, ಕೆಂಪಾದರೆ ನಾವು ತಾಯಿಗೆ ಫೋನ್ ಮಾಡುತ್ತೇವೆ. ಬೂದುಬಣ್ಣವೆಂದರೆ ಪೊರೆಯಿಂದ ಸುದ್ದಿ ಬರುತ್ತಿಲ್ಲ.

ಶನಿವಾರ ಬೂದು ಹೆಚ್ಚು. ಎಣ್ಣೆ ಕುಡಿದ ಪೊರೆ ಹಾಲಿನ ಕೆನೆಯಂತೆ ಬೆಳ್ಳಗಾಗಿ ಐದಾರು ಗಂಟೆ ಕುರುಡಾಗುತ್ತದೆ. ಎಣ್ಣೆಸ್ನಾನ ಬೇಡ ಎಂದು ಮೊದಲು ಹೇಳಿ ನೋಡಿದ್ದೆವು. ಹಾಗಾದರೆ ನಿಮ್ಮ ಪೊರೆಯೇ ಬೇಡ ಎಂದ ಅಜ್ಜಿಯರು ಎಷ್ಟೋ ಜನ. ಒಪ್ಪಿಕೊಂಡೆವು. ಆಮೇಲೆ ಪ್ರತಿ ಶನಿವಾರ ಇನ್ನೂರು ಎಚ್ಚರಿಕೆ ಗಂಟೆ. ಆಶಾ ಕಾರ್ಯಕರ್ತೆಯರು ಬಿಸಿಲಲ್ಲಿ ಓಡಿಹೋಗಿ ನೋಡಿದರೆ, ಮಗು ಮಿರಮಿರ ಮಿಂಚುತ್ತ ನಿದ್ದೆ ಮಾಡುತ್ತಿರುತ್ತಿತ್ತು. ಅವರು ನಮ್ಮನ್ನು ಬೈಯತೊಡಗಿದರು. ಆಗ ನಾನು ಒಂದು ನಿಯಮ ಬರೆದೆ. ಶನಿವಾರ ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಮೂರರವರೆಗೆ ಬೂದಾದ ಚೌಕಕ್ಕೆ ಗಂಟೆ ಬೇಡ. ಅದು ಎಣ್ಣೆ.

ಒಂದೂವರೆ ವರ್ಷ ನಿಯಮ ತಪ್ಪಾಗಿರಲಿಲ್ಲ. ಎಲ್ಲರೂ ಮೆಚ್ಚಿದ್ದರು.

ಹತ್ತೂ ಮುಕ್ಕಾಲಿಗೆ ಕೊಟ್ರೇಶನ ಫೋನ್ ಹೊಡೆದುಕೊಂಡಿತು. ಪಕ್ಕದ ಕುರ್ಚಿಯವನು, ಇಪ್ಪತ್ತನಾಲ್ಕು ವಯಸ್ಸು, ಶನಿವಾರವೆಂದರೆ ಕಾಲು ಚಾಚಿ ಕೂರುವವನು. ಫೋನನ್ನು ಸ್ಪೀಕರಿಗೆ ಹಾಕಿ ಚುರುಮುರಿ ಮೆಲ್ಲುತ್ತಲೇ ಮಾತಾಡಿದ.

“ಸಾರ್, ನಾನು ಪಾಲಮ್ಮ. ಚಳ್ಳಕೆರೆ ಮಗ್ಗುಲು ಹಳ್ಳಿ. ನನ್ ಮಗ ಹಾಲು ಕುಡೀವಲ್ಲ. ಸುಮ್ನೆ ಬಿದ್ಕಂಡವ್ನೆ.”

ಕೊಟ್ರೇಶ ಚೌಕ ಹುಡುಕಿದ. ಲೋಹಿತ್, ಹದಿನಾಲ್ಕು ತಿಂಗಳು. ಬೂದು.

“ಎಣ್ಣೆ ನೀರು ಹಾಕಿದೀರಲ್ಲಮ್ಮ, ಅದಕ್ಕೇ ಮಂಪರು. ಮೂರು ಗಂಟೆಗೆಲ್ಲ ಎದ್ದು ನಿಮ್ಮ ತಲೆ ತಿಂತಾನೆ, ನೋಡ್ತಿರಿ.”

“ಎಣ್ಣೆ ನೀರಾ? ಯಾರು ಹಾಕಿದ್ರು? ಬೋರು ಕೆಟ್ಟು ಮೂರು ದಿನ ಆತು. ಕುಡಿಯಾಕೆ ನೀರಿಲ್ಲ, ಇವನ್ನ ಮೀಸಾಕೆ ಎಲ್ಲಿಂದ ತರ್ಲಿ?”

ಕೊಟ್ರೇಶ ಅಗಿಯುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದ.

ಡಾಕ್ಟರ್ ತಬಸ್ಸುಮ್ ಒಳಗಿನ ಕೋಣೆಯಿಂದ ಬಂದರು. ನಮ್ಮ ಕೊಠಡಿಗೆ ಅವರೇ ಮುಖ್ಯಸ್ಥರು. ವಿಡಿಯೋ ಹಾಕಿಸಿದರು. ಮಗು ಚಾಪೆಯ ಮೇಲಿತ್ತು. ಕಣ್ಣು ಅರ್ಧ ತೆರೆದಿತ್ತು. ಅಳುತ್ತಿರಲಿಲ್ಲ.

“ಪಾಲಮ್ಮ, ಮೊಣಕೈ ಹತ್ತಿರದ ಪೊರೆ ಕೀಳಿ.”

“ಕೀಳಬ್ಯಾಡ ಅಂದಿದ್ರಲ್ಲ ಮೇಡಮ್ಮೋರೆ.”

“ಈಗ ನಾನೇ ಹೇಳ್ತಿದೀನಿ. ಅಂಚಿಗೆ ಉಗುರು ಹಾಕಿ ಮೆಲ್ಲಗೆ ಎಳೀರಿ.”

ಪೊರೆ ಎದ್ದಿತು. ಕೆಳಗೆ ಒಂದೇ ಅಳತೆಯ ಗುಳ್ಳೆಗಳು, ಗುಂಪು ಗುಂಪಾಗಿ. ಕೆಲವು ಒಡೆದು ನಡುವೆ ದುಂಡಗೆ ತೂತಾಗಿತ್ತು, ಕಾಗದಕ್ಕೆ ಪಂಚಿಂಗ್ ಮಿಷಿನ್ ಒತ್ತಿದ ಹಾಗೆ.

“ಅಮ್ಮ ಬಂದವ್ಳೆ,” ಎಂದು ಪಾಲಮ್ಮ ಕೈ ಹಿಂದಕ್ಕೆ ತೆಗೆದುಕೊಂಡಳು. “ಬೇವು ತರ್ತೀನಿ.”

“ಅಮ್ಮ ಅಲ್ಲ, ಬೇವು ಬೇಡ. ಇದಕ್ಕೆ ಔಷಧಿ ಇದೆ, ಬೇಗ ಕೊಡಬೇಕು. ಆಂಬುಲೆನ್ಸ್ ಬರುತ್ತೆ. ನೀವು ಬಾಗಿಲಲ್ಲೇ ನಿಂತಿರಿ.”

ಫೋನ್ ಇಟ್ಟ ಮೇಲೆ ಡಾಕ್ಟರು ನಮಗೆ ಹೇಳಿದರು. ದೊಡ್ಡವರ ತುಟಿಯ ಅಂಚಿಗೆ ಜ್ವರದ ಗುಳ್ಳೆ ಬರುತ್ತದಲ್ಲ, ಅದೇ ವೈರಸ್. ಒಬ್ಬರು ಮುತ್ತು ಕೊಟ್ಟರೆ ಸಾಕು. ಗಟ್ಟಿ ಚರ್ಮದ ಮಗುವಿಗೆ ಏನೂ ಆಗದಿರಬಹುದು. ಇಸುಬಿನ ಚರ್ಮದಲ್ಲಿ ಅದು ಒಣಹುಲ್ಲಿನ ಬೆಂಕಿಯಂತೆ ಓಡುತ್ತದೆ. ತಡವಾದರೆ ಕಣ್ಣು. ಇನ್ನೂ ತಡವಾದರೆ ಜೀವ.

“ಚೌಕ ಕೆಂಪಾಗಬೇಕಿತ್ತಲ್ಲ ಡಾಕ್ಟ್ರೇ,” ಎಂದ ಕೊಟ್ರೇಶ.

“ಗುಳ್ಳೆ ಒಡೆದು ನೀರು ಬಂದಿದೆ. ಪೊರೆಯ ಎಳೆಗಳು ಅದರಲ್ಲಿ ಕೊಳೆತುಹೋಗಿವೆ. ಕೆಂಪಾಗೋಕೆ ಮುಂಚೆ ಕುರುಡಾಗಿದೆ. ಪಟ್ಟಿ ಮಾತ್ರ ತನ್ನ ಕೆಲಸ ಮಾಡ್ತಾನೇ ಇದೆ. ಮಗುವಿಗೆ ನೋವೇ ಗೊತ್ತಾಗ್ತಿಲ್ಲ, ಅಳು ಎಲ್ಲಿಂದ ಬರಬೇಕು?”

ಮೂವರೂ ಪರದೆಯ ಕಡೆ ತಿರುಗಿದೆವು. ಬೂದು ಚೌಕಗಳು ನೂರ ಎಂಬತ್ತೇಳು.

ಫೋನ್ ಮಾಡತೊಡಗಿದೆವು. ಮೊದಲ ಒಂಬತ್ತು ತಾಯಂದಿರು ಒಂದೇ ಮಾತು ಹೇಳಿದರು. ಎಣ್ಣೆ ಹಚ್ಚಿದ್ದೇವೆ, ಚೆನ್ನಾಗಿದೆ, ಮಲಗಿದೆ. ಪೊರೆ ಕಿತ್ತು ನೋಡಿ ಎಂದರೆ ಒಬ್ಬಳು ಗಂಡನನ್ನು ಕೇಳಬೇಕು ಎಂದಳು, ಇನ್ನೊಬ್ಬಳು ನೀವು ಯಾರು ನಿಜ ಹೇಳಿ ಎಂದಳು. ಕೀಳಬೇಡಿ ಎಂದು ಹದಿನೈದು ದಿನಕ್ಕೊಮ್ಮೆ ಕಲಿಸಿದವರು ನಾವೇ. ಒಂದು ಮನೆಗೆ ಮೂರು ನಿಮಿಷ. ಮೂರು ಜನ. ನಾನು ಲೆಕ್ಕ ಹಾಕಿದೆ. ಮೂರು ಗಂಟೆಗೂ ಹೆಚ್ಚು.

“ಪಟ್ಟಿಗಳ ತಡೆ ಆರಿಸೋಣ,” ಎಂದೆ.

ಡಾಕ್ಟರಿಗೆ ಕೂಡಲೇ ಅರ್ಥವಾಯಿತು. ನಾನು ಕೊಟ್ರೇಶನಿಗೆ ಹೇಳುವವಳಂತೆ ಹೇಳಿದೆ. “ಪೊರೆ ಕುರುಡಾಗಿದ್ರೂ ಪಟ್ಟಿ ನಮ್ಮ ಮಾತು ಕೇಳುತ್ತೆ. ಮಗು ಎಷ್ಟು ಕಾಲಾಡಿಸ್ತಿದೆ ಅಂತ ಅಳೆಯುತ್ತೆ ಕೂಡ. ಬೂದು ಇರೋ ಅಷ್ಟೂ ಮಕ್ಕಳಿಗೆ ತಡೆ ನಿಲ್ಲಿಸಿದರೆ, ಬರೀ ಎಣ್ಣೆ ಹಚ್ಚಿಕೊಂಡಿರೋ ಮಗು ನಿದ್ದೆಯಿಂದ ಎದ್ದು ಒದ್ದಾಡುತ್ತೆ, ಕೆರೆದುಕೊಳ್ಳುತ್ತೆ. ಕಾಯಿಲೆ ಬಿದ್ದಿರೋ ಮಗುವಿಗೆ ಅಷ್ಟು ಶಕ್ತಿ ಇರಲ್ಲ. ಹತ್ತು ನಿಮಿಷ ಸಾಕು.”

“ಅಂದ್ರೆ ಕೆರೆದುಕೊಳ್ಳದೇ ಇರೋ ಮಕ್ಕಳನ್ನ ಹುಡುಕಬೇಕು,” ಎಂದ ಕೊಟ್ರೇಶ. ಯಾವಾಗಲೂ ನಗುವ ಅವನ ಮುಖದಲ್ಲಿ ನಗೆಯಿರಲಿಲ್ಲ.

“ಇವಕ್ಕೆಲ್ಲ ತುರಿಕೆ ಅಂದ್ರೇನು ಅಂತ ಮರೆತೇಹೋಗಿದೆ ವಿನುತಾ,” ಎಂದರು ಡಾಕ್ಟರು. “ಒಮ್ಮೆಲೇ ಬಿಟ್ಟರೆ ರಕ್ತ ಬರೋ ಹಾಗೆ ಕೆರ್ಕೊಳ್ತವೆ. ತಾಯಂದಿರು ಪಟ್ಟಿ ಬಿಚ್ಚಿ ಬಿಸಾಕಿದ್ರೆ ಇನ್ನು ಯಾವತ್ತೂ ಕಟ್ಟಲ್ಲ.”

“ಗೊತ್ತು.”

“ನಿಮ್ಮ ಮಗಳೂ ಬೂದಿನಲ್ಲಿದ್ದಾಳಾ?”

“ಇದ್ದಾಳೆ. ಒಂಬತ್ತು ಗಂಟೆಯಿಂದ.”

“ಅವಳನ್ನ ಬಿಟ್ಟು ಮಾಡಬಹುದು. ಅತ್ತೆಗೆ ಫೋನ್ ಮಾಡಿ ಕೇಳಿ, ಎಣ್ಣೆ ಹಚ್ಚಿದ್ರೆ—”

“ಹಚ್ಚಿರ್ತಾರೆ. ಅದರಿಂದ ಏನೂ ಗೊತ್ತಾಗಲ್ಲ. ಬಿಡಬೇಡಿ.”

ಡಾಕ್ಟರು ತಮ್ಮ ಗುರುತುಸಂಖ್ಯೆ ಒತ್ತಿದರು. ನಾನು ನನ್ನದನ್ನು ಒತ್ತಿದೆ. ಹನ್ನೊಂದೂ ಹದಿನೆಂಟಕ್ಕೆ ನೂರ ಎಂಬತ್ತೇಳು ಪಟ್ಟಿಗಳ ತಡೆ ಆರಿತು.

ಒಂದು ನಿಮಿಷ ಏನೂ ಆಗಲಿಲ್ಲ. ಪ್ರತಿ ಚೌಕದ ಕೆಳಗೂ ಒಂದು ಚಪ್ಪಟೆ ಗೆರೆ. ಆಮೇಲೆ ಎಡಮೂಲೆಯಲ್ಲಿ ಒಂದು ಗೆರೆ ಕೊಂಕಿತು. ಅದರ ಪಕ್ಕದ್ದು. ಕೆಳಗಿನ ಸಾಲಿನಲ್ಲಿ ನಾಲ್ಕು. ಮೂರನೇ ನಿಮಿಷಕ್ಕೆ ಪರದೆಯ ತುಂಬ ಗೆರೆಗಳು ಕುದಿಯುತ್ತಿದ್ದವು. ಸದ್ದಿಲ್ಲದ ಪರದೆ. ಆದರೆ ಒಂದೊಂದು ಗೆರೆ ಎಂದರೆ ಏನು ಎಂದು ನನಗೆ ಗೊತ್ತಿತ್ತು. ನಮ್ಮ ಮನೆಯ ದುಪ್ಪಟಿಗಳನ್ನು ಒಗೆದವಳು ನಾನು.

ಫೋನುಗಳು ಶುರುವಾದವು.

“ಎಚ್ಚರ ಆಗಿ ಕಿರುಚ್ತಿದಾಳೆ ಸಾರ್, ಏನ್ ಮಾಡಿದ್ರಿ ನೀವು?”

“ಐದು ನಿಮಿಷ ತಾಳಿ ಅಮ್ಮ. ಕೈ ಹಿಡ್ಕೊಳ್ಳಿ. ಕಾಲು ಹಿಡೀಬೇಡಿ.”

“ಕತ್ತೆಲ್ಲ ಪರಚ್ಕೊಂಡ. ನಿಮ್ಮ ಮನೇಲಿ ಮಕ್ಕಳಿಲ್ವಾ?”

“ತಾಳಿ ಅಮ್ಮ. ಕಾಲು ಹಿಡೀಬೇಡಿ.” ಕೊಟ್ರೇಶನ ಅಂಗಿಯ ಬೆನ್ನು ಒದ್ದೆಯಾಗಿತ್ತು.

ನಾನು ಒಂದೇ ಚೌಕ ನೋಡುತ್ತಿದ್ದೆ. ನೋಡಬಾರದು ಎಂದುಕೊಂಡು ಬೇರೆ ಸಾಲುಗಳನ್ನು ಎಣಿಸಿದೆ. ಎದ್ದ ಗೆರೆಗಳು ನೂರ ಐವತ್ತು. ನೂರ ಎಪ್ಪತ್ತೊಂದು. ಹತ್ತನೇ ನಿಮಿಷಕ್ಕೆ ನೂರ ಎಪ್ಪತ್ತೊಂಬತ್ತು. ಡಾಕ್ಟರು ಆ ಅಷ್ಟು ಪಟ್ಟಿಗಳನ್ನೂ ಮತ್ತೆ ಹೊತ್ತಿಸಿದರು. ಕುದಿ ಇಳಿಯಿತು. ಎಂಟು ಗೆರೆಗಳು ಚಪ್ಪಟೆ ಉಳಿದವು.

ವಿಚಾರಿಸಿದರೆ, ಒಂದು ಮನೆಯಲ್ಲಿ ಸ್ನಾನಕ್ಕೆ ಬಿಚ್ಚಿದ ಪಟ್ಟಿ ಬಚ್ಚಲ ಗೂಡಿನಲ್ಲಿತ್ತು. ಇನ್ನೊಂದರಲ್ಲಿ ಅಜ್ಜ ಮಗುವನ್ನು ಕಂಬಳಿಯಲ್ಲಿ ಬಿಗಿಯಾಗಿ ಸುತ್ತಿ ಎತ್ತಿಕೊಂಡಿದ್ದ. ಉಳಿದವು ಆರು. ಒಬ್ಬ ಲೋಹಿತ್. ಡಾಕ್ಟರು ಉಳಿದ ಹೆಸರುಗಳನ್ನು ಗಟ್ಟಿಯಾಗಿ ಓದಿದರು. ನಾಲ್ಕನೆಯದನ್ನು ಓದಲಿಲ್ಲ. ನನ್ನ ಕಡೆ ನೋಡಿದರು.

ಮೂರನೇ ಸಲಕ್ಕೆ ಅತ್ತೆ ಫೋನ್ ಎತ್ತಿದರು. ತಾರಸಿಯ ಮೇಲೆ ಬಟ್ಟೆ ಹರವುತ್ತಿದ್ದರಂತೆ.

“ಧಾತ್ರಿ ಏನ್ ಮಾಡ್ತಿದಾಳೆ?”

“ಮಲಗಿದೆ ಕಣೆ. ಎಬ್ಬಿಸಬೇಡ.”

ಧಾತ್ರಿಯ ಅಪ್ಪ ಹೋದ ದಿನವೂ ಅತ್ತೆ ಫೋನಿನಲ್ಲಿ ಇದನ್ನೇ ಹೇಳಿದ್ದರು. ಮಲಗಿದಾನೆ ಕಣೆ, ಎಬ್ಬಿಸಬೇಡ. ನಾನು ಎಬ್ಬಿಸಿರಲಿಲ್ಲ.

“ಅತ್ತೆ, ಕೆಳಗೆ ಹೋಗಿ ಅವಳನ್ನ ಎಬ್ಬಿಸಿ.”

ಮೆಟ್ಟಿಲಿಳಿಯುವ ಸದ್ದು ಕೇಳಿಸಿತು. ಬಾಗಿಲು. ಆಮೇಲೆ ಪುಟ್ಟೀ, ಪುಟ್ಟೀ ಎಂದು ಮೂರು ನಾಲ್ಕು ಸಲ.

“ಕಣ್ಣು ಬಿಟ್ಟಳು. ಮತ್ತೆ ಮುಚ್ಚಿಕೊಂಡಳು. ಮೈ ಸುಡ್ತಾ ಇದೆ.”

“ಕತ್ತಿನ ಪೊರೆ ಕೀಳಿ.”

“ವಿನುತಾ—”

“ಕೀಳಿ ಅತ್ತೆ.”

ಉಸಿರು ಮಾತ್ರ ಕೇಳಿಸುತ್ತಿತ್ತು, ಅವರದ್ದು.

“ಸಾಸಿವೆ ಕಾಳು ಚೆಲ್ಲಿದ ಹಾಗೆ ಇದೆ,” ಎಂದರು ಕೊನೆಗೆ. “ಕಿವಿಯ ತನಕ ಹೋಗಿದೆ. ಬೆಳಿಗ್ಗೆ ನಾನು ಇದರ ಮೇಲೇ ತಿಕ್ಕಿದೆನಲ್ಲೇ. ಅವಳು ಕಮಕ್ ಕಿಮಕ್ ಅನ್ನಲಿಲ್ಲ.”

“ಆಟೋ ಮಾಡ್ಕೊಂಡು ಆಸ್ಪತ್ರೆಗೆ ಬನ್ನಿ. ನಾನು ಗೇಟಿನಲ್ಲಿರ್ತೀನಿ.”

ಕೊಟ್ರೇಶ ಆಗಲೇ ತನ್ನ ಬೈಕಿನ ಕೀಲಿ ಹಿಡಿದು ನಿಂತಿದ್ದ. ದಾರಿಯ ಉಬ್ಬುಗಳಲ್ಲಿ “ಹಿಡ್ಕೊಳಿ ಅಕ್ಕ” ಎನ್ನುತ್ತಿದ್ದ.

ಅತ್ತೆ ಅವಳನ್ನು ಎಣ್ಣೆ ಒರೆಸಿದ ಟವೆಲಿನಲ್ಲೇ ಸುತ್ತಿ ತಂದಿದ್ದರು. ಹನ್ನೆರಡೂ ಐದಕ್ಕೆ ಅವಳ ಕೈಗೆ ಸೂಜಿ ಚುಚ್ಚಿದರು. ಆಗಲೂ ಅವಳು ಅಳಲಿಲ್ಲ. ಪಟ್ಟಿ ಇಲ್ಲದೆಯೂ.

ಕರ್ತವ್ಯದಲ್ಲಿದ್ದ ಡಾಕ್ಟರು ಚೀಟಿ ಬರೆಯುತ್ತ ಕೇಳಿದರು. “ಮನೇಲಿ ಯಾರಿಗಾದ್ರೂ ತುಟಿ ಹುಣ್ಣಾಗಿತ್ತಾ? ಈ ವಾರ, ಹೋದ ವಾರ?”

ಅತ್ತೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. ನಾನು ಅವರ ಮುಖವನ್ನು ಎಷ್ಟೋ ದಿನದಿಂದ ಸರಿಯಾಗಿ ನೋಡಿಯೇ ಇರಲಿಲ್ಲ. ತುಟಿಯ ಮೂಲೆಯಲ್ಲಿ ಒಣಗಿದ ಹೆಕ್ಕಳೆ ಇತ್ತು.

“ನನಗೆ,” ಎಂದರು.

ಆ ಸಂಜೆಯಿಂದ ಅತ್ತೆ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕುಳಿತರು. ಒಳಗೆ ಬನ್ನಿ ಎಂದರೆ ಬರಲಿಲ್ಲ. ಮನೆಗೆ ಹೋಗಿ ಎಂದರೆ ಹೋಗಲಿಲ್ಲ. ಸೆರಗು ಬಾಯಿಯಿಂದ ಇಳಿಯಲಿಲ್ಲ. ಭಾನುವಾರ ನಾನು ಕಾಫಿ ತಂದು ಅವರ ಪಕ್ಕ ಕೂತೆ.

“ಬೈದುಬಿಡೆ ಒಂದು ಸಲ,” ಎಂದರು.

“ಶನಿವಾರದ ಗಂಟೆ ನಿಲ್ಲಿಸಿದ್ದು ನಾನು ಅತ್ತೆ.”

“ಏನ್ ಗಂಟೆ?”

ಹೇಳಿದೆ. ಅವರು ಕಾಫಿಯನ್ನು ಎರಡು ಲೋಟಕ್ಕೆ ಹಂಚಿದರು. ನನ್ನ ಲೋಟವನ್ನು ದೂರ ಸರಿಸಿ, ತಮ್ಮದನ್ನು ಹತ್ತಿರ ಇಟ್ಟುಕೊಂಡರು. “ಎಂಜಲು ತಾಗೀತು,” ಎಂದರು.

ಲೋಹಿತ್ ಉಳಿದ. ಮಿಕ್ಕ ಮಕ್ಕಳೂ ಉಳಿದರು. ಹೊಸದುರ್ಗದ ಕಡೆಯ ಒಂದು ಹೆಣ್ಣುಮಗುವಿಗೆ ಬಲಗಣ್ಣು ಮಂಜಾಗಿದೆ. ಎಷ್ಟು ಮರಳುತ್ತದೆ ಎಂದು ಹೇಳಲಾಗದು ಎನ್ನುತ್ತಾರೆ. ಅವಳ ಚೌಕ ಶನಿವಾರ ಎಂಟೂ ಹತ್ತಕ್ಕೇ ಬೂದಾಗಿತ್ತು. ಆ ಹೊತ್ತಿಗೆ ನಾನು ನನ್ನ ಕುರ್ಚಿಯಲ್ಲಿದ್ದೆ. ಚೌಕ ಬಣ್ಣ ಬದಲಿಸುವುದನ್ನು ನೋಡಿದ್ದೆ. ಎಣ್ಣೆ ಎಂದುಕೊಂಡಿದ್ದೆ.

ಸೋಮವಾರ ಕೊಟ್ರೇಶ ಆಸ್ಪತ್ರೆಗೆ ಬಂದ. ಮೂವತ್ತೊಂದು ಮನೆಯವರು ಪಟ್ಟಿ ಬಿಚ್ಚಿ ವಾಪಸ್ ಕಳಿಸಿದ್ದಾರೆ ಎಂದ. ಪಾಲಮ್ಮ ಕೂಡ. “ಅಳೋದು ಕೇಳಿಸಿದ್ರೆ ಸಾಕು, ನಿಮ್ಮ ಚೌಕ ನೀವೇ ಇಟ್ಕಳಿ ಅಂದ್ಲು.”

“ನಿಯಮ ತೆಗೆದೆಯಾ?”

“ತೆಗೆದೆ. ಬರೋ ಶನಿವಾರ ಇನ್ನೂರು ಗಂಟೆ ಹೊಡ್ಕೊಳ್ತವೆ ಅಕ್ಕ.”

“ಇನ್ನೂರಕ್ಕೂ ಫೋನ್ ಮಾಡೋಣ.”

“ಬೈತಾರೆ.”

“ಬೈಸಿಕೊಳ್ಳೋಣ.”

ನಾಲ್ಕನೇ ದಿನ ಬೆಳಿಗ್ಗೆ ಧಾತ್ರಿಯ ಜ್ವರ ಇಳಿದಿತ್ತು. ಗುಳ್ಳೆಗಳು ಒಣಗಿ ಕಪ್ಪು ಹೆಕ್ಕಳೆ ಕಟ್ಟಿದ್ದವು. ಅರ್ಧ ಬಾಳೆಹಣ್ಣು ತಿಂದಳು. ಡಾಕ್ಟರ್ ತಬಸ್ಸುಮ್ ಹೊಸ ಪಟ್ಟಿ ಕಳಿಸಿದ್ದರು. ಕಟ್ಟುವುದು ಬಿಡುವುದು ನಿಮಗೆ ಬಿಟ್ಟಿದ್ದು ಎಂದು ಚೀಟಿ ಬರೆದಿದ್ದರು. ಅದು ಮೇಜಿನ ಮೇಲೆ ಪೊಟ್ಟಣದಲ್ಲೇ ಇತ್ತು.

ಧಾತ್ರಿ ಇದ್ದಕ್ಕಿದ್ದಂತೆ ಬಾಳೆಹಣ್ಣು ಬಿಟ್ಟು ಮೊಣಕೈಯನ್ನು ನೋಡಿಕೊಂಡಳು. ಹುಬ್ಬು ಗಂಟಿಕ್ಕಿದಳು.

“ಅಮ್ಮಾ, ಇಲ್ಲಿ ಒಳಗೆ ಇರುವೆ ಇದೆ.”

ನಾನು ಅವಳ ತೋಳು ಹಿಡಿದು ನೋಡಿದೆ. ಇರುವೆ ಇರಲಿಲ್ಲ.

“ಓಡ್ತಿದೆ,” ಎಂದಳು. ಅಳುವ ಹಾಗಿತ್ತು ಮುಖ. “ತೆಗಿ ಅದನ್ನ.”

ಅವಳಿಗೆ ಎರಡೂವರೆ ವರ್ಷ. ಮಾತು ಬರುವ ಮೊದಲೇ ಪೊರೆ ಬಂದಿತ್ತು. ಹಸಿವು, ನಿದ್ದೆ, ಚಳಿ, ಉಚ್ಚೆ ಎಲ್ಲಕ್ಕೂ ಅವಳ ಹತ್ತಿರ ಮಾತಿತ್ತು. ಇದಕ್ಕೆ ಇರಲಿಲ್ಲ. ಆ ಮಾತೇ ಬೇಕಾಗದಂತೆ ನಾವು ಮಾಡಿದ್ದೆವು.

“ಅದು ಇರುವೆ ಅಲ್ಲ ಪುಟ್ಟಿ. ಅದಕ್ಕೆ ನವೆ ಅಂತಾರೆ.”

“ನವೆ,” ಎಂದಳು.

“ಹೂಂ. ನವೆ ಆದಾಗ ಅಮ್ಮನಿಗೆ ಹೇಳಬೇಕು. ಎಲ್ಲಿ ಅಂತ ತೋರಿಸಬೇಕು.”

ಅವಳು ಯೋಚಿಸಿದಳು. ಬೆರಳು ಮೊಣಕೈಯ ಮೇಲೆ ಇಟ್ಟಳು. ನಾನು ಮುಲಾಮಿನ ಡಬ್ಬಿ ತೆರೆದು ಅಲ್ಲಿ ಹಚ್ಚಿದೆ. ಬೆರಳು ಕತ್ತಿಗೆ ಹೋಯಿತು. ಅಲ್ಲೂ ಹಚ್ಚಿದೆ. ಮೊಣಕಾಲಿನ ಹಿಂದೆ. ಹಿಮ್ಮಡಿಯ ಮೇಲೆ, ಪಟ್ಟಿ ಇದ್ದ ಜಾಗದಲ್ಲಿ. ಬಾಗಿಲಲ್ಲಿ ಅತ್ತೆ ಸೆರಗು ಹಿಡಿದು ನಿಂತು ನೋಡುತ್ತಿದ್ದರು.

“ಇಲ್ಲೂ ನವೆ,” ಎಂದಳು ಧಾತ್ರಿ. “ಇಲ್ಲೂ.”

“ಹೇಳು,” ಎಂದೆ. “ಇನ್ನೂ ಎಲ್ಲಿ?”